ಊರಿನ ಲೆಕ್ಕ ಊರಿಗೆ

(ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಾರಿಮಂಗಲಂನಲ್ಲಿ ಮಾಡಿದ ದತ್ತಿ ಉಪನ್ಯಾಸದ ಬರಹರೂಪ)



ಇಂದು ನಾನು ಮಾತಾಡಲು ಆರಿಸಿಕೊಂಡಿರುವುದು ಮುಕ್ತ ದತ್ತಾಂಶದ ಬಗ್ಗೆ. ದತ್ತಿ ಉಪನ್ಯಾಸವೆಂದರೆ ಕವಿತೆ, ವಚನ, ಶಾಸನ ಎಂದುಕೊಂಡು ಬಂದವರಿಗೆ ಇದು ಬೇರೆ ದಾರಿಯಂತೆ ಕಾಣಬಹುದು. ಆದರೆ ದತ್ತಿ, ದತ್ತಾಂಶ ಎರಡೂ ಒಂದೇ ಬೇರಿನ ಮಾತುಗಳು. ದತ್ತ ಎಂದರೆ ಕೊಟ್ಟದ್ದು. ಲ್ಯಾಟಿನಿನಲ್ಲಿ ಡೇಟಾ ಎಂಬುದಕ್ಕೂ ಅದೇ ಅರ್ಥ. ಹತ್ತು ಜನರ ಎದುರು ಕೊಟ್ಟು, ಮತ್ತೆ ಕೇಳೆನೆಂದು ಬಿಟ್ಟುಕೊಟ್ಟದ್ದಕ್ಕೆ ನಮ್ಮ ಹಿರಿಯರು ದತ್ತಿ ಎಂದರು. ಸರ್ಕಾರಗಳೂ ಸಂಸ್ಥೆಗಳೂ ತಮ್ಮಲ್ಲಿರುವ ಲೆಕ್ಕವನ್ನು ಅದೇ ರೀತಿ ಬಿಟ್ಟುಕೊಡಬೇಕು ಎಂಬುದು ನಾನು ಈ ಹೊತ್ತು ಹೇಳಬೇಕೆಂದಿರುವ ಮಾತು. ಅದರಲ್ಲೂ ಸಣ್ಣ ನಾಡುಗಳಿಗೆ, ಸಣ್ಣ ಊರುಗಳಿಗೆ, ಕರ್ನಾಟಕ, ತಮಿಳುನಾಡು ಎಂಬ ಎರಡು ರಾಜ್ಯಗಳ ನಡುವೆ ಬದುಕುವ ನಮ್ಮಂಥ ಕನ್ನಡಿಗರಿಗೆ ಇದು ಹೆಚ್ಚು ಬೇಕು.

ಇಲ್ಲಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ಧರ್ಮಪುರಿ. ಅದರ ಹಳೆಯ ಹೆಸರು ತಗಡೂರು. ಆ ಊರಿನ ಕಂಬವೊಂದರ ಮೇಲೆ ನೊಳಂಬ ದೊರೆ ಮಹೇಂದ್ರನ ಕಾಲದ ಕನ್ನಡ ಶಾಸನವಿದೆ. ಶಕ ವರ್ಷ 815, ಅಂದರೆ ಕ್ರಿ.ಶ. 893. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದ ಅಣ್ಣತಮ್ಮಂದಿರು ತಗಡೂರಿನಲ್ಲಿ ಬಸದಿ ಕಟ್ಟಿಸಿದರು. ದೊರೆಯಿಂದ ಪಡೆದ ಮೂಲಪಳ್ಳಿ ಎಂಬ ಹಳ್ಳಿಯನ್ನು ನಿಧಿಯಣ್ಣ ಆ ಬಸದಿಯ ದುರಸ್ತಿಗೆಂದು ಕನಕಸೇನ ಭಟಾರರಿಗೆ ಒಪ್ಪಿಸಿದ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏನು ಕೊಟ್ಟರು, ಯಾವ ವರ್ಷ ಕೊಟ್ಟರು ಎಂಬುದೆಲ್ಲ ಆ ಕಲ್ಲಿನಲ್ಲಿದೆ. ಅರಮನೆಯ ಪೆಟ್ಟಿಗೆಯಲ್ಲಿ ಓಲೆಯಾಗಿ ಇಡಬಹುದಾಗಿದ್ದ ವಿಷಯವನ್ನು, ದಾರಿಹೋಕನೂ ಓದಲಿ ಎಂದು ಕಂಬಕ್ಕೆ ಬರೆಸಿದರು. ಸಾವಿರದ ನೂರು ವರ್ಷ ದಾಟಿದರೂ ಅದನ್ನು ನಾವು ಓದಬಲ್ಲೆವು.

ನಮ್ಮ ದಾನಶಾಸನಗಳ ಬರವಣಿಗೆಯನ್ನು ಗಮನಿಸಿ ನೋಡಿ. ಮೊದಲು ಕಾಲ ಹೇಳುತ್ತವೆ, ಆಮೇಲೆ ದೊರೆ, ಕೊಟ್ಟವರು, ಪಡೆದವರು. ಭೂಮಿಯಾದರೆ ನಾಲ್ಕು ದಿಕ್ಕಿನ ಎಲ್ಲೆ ಹೇಳುತ್ತವೆ: ಮೂಡಲಿಗೆ ಹುಣಸೆಮರ, ತೆಂಕಲಿಗೆ ಹಳ್ಳ, ಪಡುವಲಿಗೆ ನೆಟ್ಟ ಕಲ್ಲು, ಹೀಗೆ. ಸಾಕ್ಷಿಗಳ ಹೆಸರು ಬರುತ್ತದೆ. ಕೊನೆಗೆ ಶಾಪಾಶಯ: ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂದು. ಇವತ್ತು ಮುಕ್ತ ದತ್ತಾಂಶದ ಕೆಲಸ ಮಾಡುವವರು ಒಂದು ಅಂಕಿಪಟ್ಟಿಯ ಜೊತೆಗೆ ಇರಲೇಬೇಕೆಂದು ಕೇಳುವುದೂ ಇವನ್ನೇ. ಯಾರು ಅಳೆದರು, ಯಾವಾಗ ಅಳೆದರು, ಎಲ್ಲಿಂದ ಎಲ್ಲಿಯವರೆಗೆ, ಯಾರು ಬಳಸಬಹುದು, ಕೊಟ್ಟವರು ಮುಂದೆ ಹಿಂತೆಗೆದುಕೊಳ್ಳುವಂತಿಲ್ಲ. ನೊಳಂಬರ ಕಾಲದ ಕಲ್ಲುಕುಟಿಗನಿಗೆ ತಿಳಿದಿದ್ದ ಈ ಕ್ರಮವನ್ನು ಇಂದಿನ ಕಚೇರಿಗಳು ಎಷ್ಟೋ ಸಲ ಪಾಲಿಸುವುದಿಲ್ಲ.

ಇನ್ನೊಂದು ವಸ್ತುವನ್ನು ನಿಮ್ಮ ಕಣ್ಣ ಮುಂದೆ ಇಡುತ್ತೇನೆ, ಕಡತ. ಕರ್ನಾಟಕದ ಕಚೇರಿಗಳಲ್ಲಿ ಇಂದು ಕಡತ ಎಂದರೆ ಫೈಲು. ಹಿಂದೆ ಕಡತ ಎಂದರೆ ಶಾನುಭೋಗರ ಲೆಕ್ಕದ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲಿನ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿದು ಒಣಗಿಸಿದರೆ ಹಲಗೆಯಂತೆ ಕಪ್ಪಾಗಿ ಗಟ್ಟಿಯಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬಿಡಿಸಿ ಹಾಸಿದರೆ ಇಡೀ ಊರಿನ ಹೊಲ, ಕಂದಾಯ, ಬಾಕಿ ಉದ್ದಕ್ಕೆ ಕಾಣುತ್ತಿತ್ತು. ಆದರೆ ಅದನ್ನು ಬಿಡಿಸುವ ಕೈ ಶಾನುಭೋಗರ ಕೈ ಒಂದೇ. ರೈತನ ಹೊಲದ ಲೆಕ್ಕ ರೈತನಿಗೇ ಗೊತ್ತಿಲ್ಲದೆ ಬದಲಾದ ಕಥೆಗಳು ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳಸಿಗುತ್ತವೆ. ಬರೆದಿಟ್ಟದ್ದು ಒಂದು ಕೆಲಸ, ತೆರೆದಿಟ್ಟದ್ದು ಅದಕ್ಕಿಂತ ದೊಡ್ಡ ಕೆಲಸ.

ಇದಕ್ಕೆ ಈ ನೆಲದ್ದೇ ಒಂದು ಉದಾಹರಣೆ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಸುಲ್ತಾನ ಬಾರಾಮಹಲನ್ನೂ ಸೇಲಮ್ಮನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯಿತು. ನಾವು ಕೂತಿರುವ ಈ ನೆಲ ಅದರೊಳಗಿನದು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಇದರ ಆಡಳಿತಕ್ಕೆ ಬಂದ. ಅವನ ಕೈಕೆಳಗೆ ಮೂವರು ಸಹಾಯಕರು: ಮೆಕ್ಲಿಯೋಡ್, ಗ್ರಹಾಂ, ಥಾಮಸ್ ಮನ್ರೋ. ಏಳು ವರ್ಷ ಈ ಸೀಮೆಯ ಹೊಲಹೊಲಗಳನ್ನು ಅಳೆಸಿದರು. ರೈತವಾರಿ ಪದ್ಧತಿ ಎಂದು ಶಾಲೆಯಲ್ಲಿ ಓದುತ್ತೇವಲ್ಲ, ಅದು ಮೊದಲು ರೂಪ ಪಡೆದದ್ದು ಇಲ್ಲಿ. 1799ರಲ್ಲಿ ಮನ್ರೋ ಇಲ್ಲಿಂದ ಕೆನರಾಕ್ಕೆ, ಅಂದರೆ ಇಂದಿನ ದಕ್ಷಿಣ ಕನ್ನಡ, ಉತ್ತರ ಕನ್ನಡ ಸೀಮೆಗೆ ಹೋದ. ಇಲ್ಲಿ ಕಲಿತದ್ದನ್ನು ಹೊತ್ತುಕೊಂಡೇ ಹೋದ.

ಆ ಏಳು ವರ್ಷದ ಕಾಗದಪತ್ರಗಳು ಬಾರಾಮಹಲ್ ರೆಕಾರ್ಡ್ಸ್ ಎಂಬ ಹೆಸರಿನಲ್ಲಿ ಅಚ್ಚಾದವು. ಯಾವಾಗ? 1907ರಿಂದ ಈಚೆಗೆ, ಮದರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ, ಇಂಗ್ಲಿಷಿನಲ್ಲಿ. ಬೆಳೆ, ಜಾತಿ, ಸುಂಕ, ಕೆರೆ, ಎಲ್ಲದರ ವಿವರ ಅವುಗಳಲ್ಲಿದೆ. ನಮ್ಮ ಮುತ್ತಜ್ಜಂದಿರ ಹೊಲ ಅಳೆದು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಅವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಆ ಲೆಕ್ಕ ಹೊರಬಂತು. ಲೆಕ್ಕ ಕೊಟ್ಟವರು ಅದನ್ನು ಎಂದೂ ಓದಲಿಲ್ಲ. ಅಳೆದವರ ಶ್ರಮವನ್ನು ನಾನು ಹಳಿಯುವುದಿಲ್ಲ. ಆದರೆ ಜನರಿಂದ ತೆಗೆದುಕೊಂಡ ಲೆಕ್ಕ ಜನರ ಕೈಗೆ, ಅವರ ಕಾಲದಲ್ಲಿ, ಅವರ ಮಾತಿನಲ್ಲಿ ಮರಳಬೇಕಿತ್ತು.

ಈಗ ದೂರದ ಒಂದು ದೇಶದ ವಿಷಯ. ಬಾಲ್ಟಿಕ್ ಕಡಲ ದಂಡೆಯಲ್ಲಿ ಎಸ್ಟೋನಿಯಾ ಇದೆ. 2011ರ ಅವರ ಜನಗಣತಿಯಲ್ಲಿ ಇದ್ದ ಜನ 12 ಲಕ್ಷ 94 ಸಾವಿರ. ಅದೇ ವರ್ಷದ ನಮ್ಮ ಗಣತಿಯಲ್ಲಿ ಧರ್ಮಪುರಿ ಜಿಲ್ಲೆಯೊಂದರಲ್ಲೇ 15 ಲಕ್ಷ 6 ಸಾವಿರ ಜನ. ಇನ್ನೂ ಒಂದು ಅಂಕಿ ಹೇಳುತ್ತೇನೆ: ತಮಿಳುನಾಡಿನಲ್ಲಿ ಗಣತಿಯವರು ಕನ್ನಡದ ಲೆಕ್ಕಕ್ಕೆ ಸೇರಿಸಿದವರು ಸುಮಾರು 12 ಲಕ್ಷ 86 ಸಾವಿರ. ಹೆಚ್ಚುಕಡಿಮೆ ಒಂದು ಎಸ್ಟೋನಿಯಾ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡಾಗ ಆ ದೇಶದ ಕೈಯಲ್ಲಿ ಹಣ ಇರಲಿಲ್ಲ. ಹತ್ತೇ ವರ್ಷದಲ್ಲಿ, 2001ಕ್ಕೆ, ಕಚೇರಿಯಿಂದ ಕಚೇರಿಗೆ ದತ್ತಾಂಶ ಹರಿಯುವ ಎಕ್ಸ್-ರೋಡ್ ಎಂಬ ದಾರಿಯನ್ನು ಕಟ್ಟಿಕೊಂಡಿತು. ಎಲ್ಲವನ್ನೂ ತಂದು ಒಂದು ದೊಡ್ಡ ಕಣಜಕ್ಕೆ ಸುರಿಯಲಿಲ್ಲ. ಭೂಮಿಯ ದಾಖಲೆ ಭೂಮಿಯ ಕಚೇರಿಯಲ್ಲೇ ಉಳಿಯಿತು, ಆರೋಗ್ಯದ್ದು ಆರೋಗ್ಯದ ಕಡೆ. ಆದರೆ ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರಿಸಲು ಒಂದೇ ಸಂಕೇತ, ಒಂದೇ ನಿಯಮ. ಒಂದು ಸಲ ಕೇಳಿದ ವಿವರವನ್ನು ಜನರನ್ನು ಮತ್ತೆ ಕೇಳಬಾರದು ಎಂಬ ಕಟ್ಟಳೆ ಮಾಡಿಕೊಂಡರು. ತನ್ನ ವಿವರವನ್ನು ಯಾವ ಅಧಿಕಾರಿ ಯಾವಾಗ ತೆರೆದು ನೋಡಿದ ಎಂಬುದನ್ನು ಅಲ್ಲಿನ ಪ್ರಜೆ ಕಂಪ್ಯೂಟರಿನಲ್ಲಿ ನೋಡಬಹುದು. ಈ ಕೊನೆಯ ಮಾತು ನನಗೆ ಬಹಳ ಮುಖ್ಯ. ಅದಕ್ಕೆ ಮತ್ತೆ ಬರುತ್ತೇನೆ.

ಇಂಥದ್ದಕ್ಕೆ ಪೋರ್ಟಲ್ ಒಂದು ಸಾಲದು. ನಮ್ಮ ಕಡೆಯ ಕೆರೆಯನ್ನು ನೆನೆಸಿಕೊಳ್ಳಿ. ಕೆರೆ ಎಂದರೆ ಏರಿ ಮಾತ್ರವೇ? ನೀರು ಬರುವ ಹಳ್ಳ ಬೇಕು, ತೂಬು ಬೇಕು, ಹೆಚ್ಚಾದದ್ದು ಹರಿಯಲು ಕೋಡಿ ಬೇಕು, ಕಾಲುವೆ ಬೇಕು, ಯಾವ ಗದ್ದೆಗೆ ಯಾವ ಸರದಿ ಎಂದು ನೋಡಿಕೊಳ್ಳುವ ನೀರುಗಂಟಿ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕೆಳಗಿನ ಗದ್ದೆ ಒಣಗುತ್ತದೆ. ಭಾರತ ಸರ್ಕಾರ 2012ರಲ್ಲಿ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿ ತಂದಿತು, ಅದೇ ವರ್ಷ ಮುಕ್ತ ದತ್ತಾಂಶದ ಜಾಲತಾಣ ತೆರೆಯಿತು. ಯಾರು ಬೇಕಾದರೂ ಬಳಸಬಹುದೆಂಬ ಪರವಾನಗಿ ಬಂದದ್ದು 2017ರಲ್ಲಿ. ಏರಿ ಕಟ್ಟಿದ್ದಾಗಿದೆ, ಅದು ಒಳ್ಳೆಯ ಕೆಲಸವೇ. ನೀರುಗಂಟಿಗಳನ್ನು ನೇಮಿಸಿಕೊಂಡಿಲ್ಲ. ಎಷ್ಟೋ ಪಟ್ಟಿಗಳು ಒಂದು ವರ್ಷ ಬಂದು ನಿಂತಿವೆ. ಎಷ್ಟೋ ಪಟ್ಟಿಗಳು ಕಾಗದದ ಚಿತ್ರಗಳು, ಕೂಡಲು ಕಳೆಯಲು ಬರುವುದಿಲ್ಲ. ಕನ್ನಡದ ಕಡತಗಳಾದರೆ ಇನ್ನೊಂದು ತೊಡಕು: ಯೂನಿಕೋಡ್ ಬರುವ ಮುಂಚಿನ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದದ್ದು ಇನ್ನೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚಾಗುತ್ತದೆ. ತಮಿಳಿಗೂ ಇದೇ ಪಾಡು. ಈ ಒಂದು ಕಷ್ಟದಲ್ಲಿ ಎರಡೂ ಭಾಷೆ ಒಡಹುಟ್ಟಿದವು.

ಹೆಸರಿನ ಮಾತಿಗೆ ಬರೋಣ. ಈ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಒಂದು ದಾಖಲೆಯಲ್ಲಿ ಕಾರಿಮಂಗಲಂ, ಇನ್ನೊಂದರಲ್ಲಿ ಕಾರಿಯಮಂಗಲಂ. ಪಕ್ಕದ ಪಾಲಕೋಡು ಒಂದು ಕಡೆ ಪಾಲಕೋಡ್, ಮತ್ತೊಂದು ಕಡೆ ಪಾಲಕ್ಕೋಡು. ಮನುಷ್ಯರಿಗೆ ತಿಳಿಯುತ್ತದೆ, ಯಂತ್ರಕ್ಕೆ ಅವು ಎರಡೆರಡು ಊರು. ಮಳೆಯ ಪಟ್ಟಿಯನ್ನೂ ಬೆಳೆಯ ಪಟ್ಟಿಯನ್ನೂ ಹೊಂದಿಸಲು ಹೋದರೆ ಊರೇ ಸಿಗುವುದಿಲ್ಲ. ಇದಕ್ಕೆಂದೇ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಹಳ್ಳಿಗೂ ಪಂಚಾಯಿತಿಗೂ ಒಂದೊಂದು ಸಂಕೇತ ಸಂಖ್ಯೆ ಕೊಟ್ಟು ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯೊಂದನ್ನು ಇಟ್ಟಿದೆ. ಎಲ್ಲ ಇಲಾಖೆಗಳೂ ಆ ಸಂಖ್ಯೆಯನ್ನೇ ಬಳಸಿದರೆ ಅರ್ಧ ಕಷ್ಟ ತೀರುತ್ತದೆ.

ಎಲ್ಲೆಯ ತೊಡಕು ಅದಕ್ಕಿಂತ ದೊಡ್ಡದು. ಧರ್ಮಪುರಿ ಸೇಲಂನಿಂದ ಬೇರೆಯಾಗಿ ಜಿಲ್ಲೆಯಾದದ್ದು 1965ರ ಅಕ್ಟೋಬರ್ 2ರಂದು. ಅದರಿಂದ ಕೃಷ್ಣಗಿರಿ ಬೇರೆಯಾದದ್ದು 2004ರ ಫೆಬ್ರವರಿ 9ರಂದು. 2011ರ ಗಣತಿಯ ಹೊತ್ತಿಗೆ ಧರ್ಮಪುರಿ ಜಿಲ್ಲೆಗೆ ಐದೇ ತಾಲ್ಲೂಕು: ಧರ್ಮಪುರಿ, ಪಾಲಕೋಡು, ಪೆನ್ನಾಗರಂ, ಹರೂರು, ಪಾಪಿರೆಡ್ಡಿಪಟ್ಟಿ. ಕಾರಿಮಂಗಲಂ ತಾಲ್ಲೂಕು ಆಮೇಲೆ ಆದದ್ದು. ಹಾಗಾಗಿ ಕಾರಿಮಂಗಲಂ ತಾಲ್ಲೂಕಿನಲ್ಲಿ ಕನ್ನಡ ಮಾತಾಡುವವರು ಎಷ್ಟು ಎಂದು ಯಾರಾದರೂ ಕೇಳಿದರೆ, ಆ ಹೆಸರಿನ ಸಾಲು ಗಣತಿಯ ಪಟ್ಟಿಯಲ್ಲಿ ಇಲ್ಲ. 1961ರಿಂದ ಇಲ್ಲಿಯವರೆಗೆ ಧರ್ಮಪುರಿಯ ಬದುಕು ಹೇಗೆ ಬದಲಾಯಿತೆಂದು ತಿಳಿಯಬೇಕಾದರೆ ಹಳ್ಳಿಹಳ್ಳಿಯ ಅಂಕಿಯನ್ನು ಕೂಡಿಸಿ ನಾವೇ ಜಿಲ್ಲೆಯನ್ನು ಮತ್ತೆ ಕಟ್ಟಬೇಕು. ಮೂಡಲಿಗೆ ಹುಣಸೆಮರ ಎಂದು ಕಲ್ಲಿನಲ್ಲಿ ಬರೆದಿಟ್ಟವರ ಎಚ್ಚರ ಇಲ್ಲಿ ನೆನಪಾಗುತ್ತದೆ.

ಈಗ ನೀರಿನ ವಿಷಯ. ಇದನ್ನು ನಾನು ಸ್ವಲ್ಪ ಹೊತ್ತು ಹಿಡಿದು ಹೇಳಬೇಕು. ನಮ್ಮ ಜಿಲ್ಲೆಯ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೀರು ಬೀಳುತ್ತದೆ, ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ನನ್ನ ಅಕ್ಕನನ್ನು ಕೊಟ್ಟ ಊರಿನಲ್ಲಿ ಮೊಮ್ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನೋಡಿದ್ದೇನೆ. ಆ ಊರಿನ ನೀರಿನ ಪರೀಕ್ಷೆಯ ಫಲಿತಾಂಶ ಬೇಕೆಂದು ಕಚೇರಿಯೊಂದಕ್ಕೆ ನಾಲ್ಕು ಸಲ ಹೋದೆ. ಮೂರು ಸಲ ನಾಳೆ ಬನ್ನಿ ಎಂದರು. ನಾಲ್ಕನೆಯ ಸಲ ಒಂದು ಜೆರಾಕ್ಸ್ ಹಾಳೆ ಕೈಗೆ ಬಂತು. ಅದರಲ್ಲಿ ಊರಿನ ಹೆಸರು ಇತ್ತು, ಕೈಪಂಪು ಎಂದಿತ್ತು, ಮಿತಿ ಮೀರಿದ ಒಂದು ಅಂಕಿ ಇತ್ತು. ತಾರೀಕು ಇರಲಿಲ್ಲ. ಊರಿನಲ್ಲಿ ಕೈಪಂಪು ಮೂರು. ಶಾಲೆಯ ಮುಂದಿನದೋ, ಮಾರಿಗುಡಿಯ ಹಿಂದಿನದೋ, ಕಾಲೋನಿಯದೋ ಗೊತ್ತಾಗಲಿಲ್ಲ. ಆ ಹಾಳೆ ಹಿಡಿದು ಅಕ್ಕನ ಮನೆಗೆ ಹೋದಾಗ ಅವಳು ಕೇಳಿದ್ದು ಒಂದೇ ಮಾತು: “ಯಾವ ಪಂಪಿನ ನೀರು ಬಿಡ್ಬೇಕಪ್ಪಾ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ಇಟ್ಟವರು ದುಷ್ಟರಲ್ಲ. ಪರೀಕ್ಷೆ ಮಾಡಿದ್ದರು, ಬರೆದಿದ್ದರು. ತಾರೀಕು, ಜಾಗ ಬರೆಯುವ ಅಭ್ಯಾಸ, ಊರಿನ ಮುಂದೆ ಅಂಟಿಸುವ ಅಭ್ಯಾಸ, ಇವೆರಡು ಇರಲಿಲ್ಲ. ಮುಂದೆ ಜಪಾನಿನ ನೆರವಿನಿಂದ ಹೊಗೇನಕಲ್ಲು ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ 1,928 ಕೋಟಿ ರೂಪಾಯಿ ವೆಚ್ಚದಲ್ಲಿ ಮುಗಿದು, 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಕಾವೇರಿಯ ನೀರು ಧರ್ಮಪುರಿ, ಕೃಷ್ಣಗಿರಿಯ ಸಾವಿರಾರು ಜನವಸತಿಗಳಿಗೆ ಬಂತು. ಬಹಳ ದೊಡ್ಡ ಉಪಕಾರ ಅದು. ಆದರೆ ನಲ್ಲಿ ಬಾರದ ದಿನ ಜನ ಮತ್ತೆ ಕೈಪಂಪಿಗೇ ಹೋಗುತ್ತಾರೆ. ಹಾಗಿರುವಾಗ ಪ್ರತಿ ಪಂಪಿನ ಕಟ್ಟೆಯ ಮೇಲೆ ತಾರೀಕಿನ ಸಮೇತ ಅಂಕಿ ಬರೆದಿರಬೇಕು, ತಮಿಳಿನಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ. ಕಂಪ್ಯೂಟರಿನಲ್ಲೂ ಇರಲಿ. ಅಕ್ಕನಿಗೆ ಬೇಕಾದದ್ದು ಪಂಪಿನ ಕಟ್ಟೆಯ ಮೇಲೆ.

ಹೊಗೇನಕಲ್ಲಿಗಿಂತ ಮೇಲೆ, ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಅಳತೆ ನಿಲ್ದಾಣವಿದೆ. ಕರ್ನಾಟಕದಿಂದ ತಮಿಳುನಾಡಿಗೆ ಎಷ್ಟು ನೀರು ಹರಿಯಿತೆಂದು ಅಳೆಯುವ ಜಾಗ ಅದು. 2007ರ ಫೆಬ್ರವರಿ 5ರಂದು ಬಂದ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಅಲ್ಲಿ ವರ್ಷಕ್ಕೆ 192 ಟಿಎಂಸಿ ಎಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25 ಟಿಎಂಸಿಗೆ ಇಳಿಸಿತು. ಆ ಎರಡು ಅಂಕಿಗಳ ಹಿಂದೆ ಎಷ್ಟು ಬಂದ್, ಎಷ್ಟು ಮುರಿದ ಬಸ್ಸು, ಎಷ್ಟು ಮನೆಗಳ ಕಳವಳ ಇದೆ ಎಂಬುದನ್ನು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಗಲಾಟೆಯ ದಿನಗಳಲ್ಲಿ ಬೆಂಗಳೂರಿನ ತಮಿಳರ ಬಗ್ಗೆ ನಾವು ಹೆದರಿದೆವು, ಇಲ್ಲಿನ ಕನ್ನಡಿಗರ ಬಗ್ಗೆ ಅಲ್ಲಿನವರು ಹೆದರಿದರು. ಕನ್ನಂಬಾಡಿಯಲ್ಲಿ ಎಷ್ಟು ಅಡಿ ಇದೆ, ಮೆಟ್ಟೂರಿನಲ್ಲಿ ಎಷ್ಟು ಅಡಿ ಇದೆ, ಬಿಳಿಗುಂಡ್ಲುವಿನಲ್ಲಿ ನಿನ್ನೆ ಎಷ್ಟು ಹರಿಯಿತು ಎಂಬ ಮೂರು ಅಂಕಿಗಳು ದಿನವೂ ಎರಡು ಭಾಷೆಯಲ್ಲಿ ಒಂದೇ ಹಾಳೆಯಲ್ಲಿ ಎಲ್ಲರಿಗೂ ಕಂಡರೆ ಜಗಳ ಪೂರಾ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಮಳೆ ಕಡಿಮೆಯಾದ ವರ್ಷ ಕಷ್ಟ ಇದ್ದೇ ಇರುತ್ತದೆ. ಆದರೆ ಗಾಳಿಮಾತಿನ ಮೇಲೆ ಕಲ್ಲು ಎತ್ತುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂದು ನಂಬಿದ್ದೇನೆ.

ಗಡಿಯ ಜನರಿಗೆ ಇನ್ನೊಂದು ನೋವಿದೆ. ಕರ್ನಾಟಕದ ನಕ್ಷೆ ತೆಗೆದು ನೋಡಿ. ಆನೇಕಲ್ಲಿನವರೆಗೆ ಕೆರೆ, ರಸ್ತೆ, ಮಳೆ ಎಲ್ಲ ಬಣ್ಣಬಣ್ಣವಾಗಿದ್ದು ಅಲ್ಲಿಂದಾಚೆ ನಕ್ಷೆ ಬಿಳಿಯಾಗುತ್ತದೆ. ತಮಿಳುನಾಡಿನ ನಕ್ಷೆಯಲ್ಲಿ ಹೊಸೂರಿನಿಂದಾಚೆ ಬಿಳಿ. ಮೋಡಕ್ಕೆ ಆ ಗೆರೆ ಕಾಣುವುದಿಲ್ಲ, ಟೊಮ್ಯಾಟೊ ಲಾರಿಗೂ ಕಾಣುವುದಿಲ್ಲ. ಕರ್ನಾಟಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟು, ವರುಣಮಿತ್ರ ಎಂಬ ಸಹಾಯವಾಣಿಯಲ್ಲಿ ರೈತರಿಗೆ ಕನ್ನಡದಲ್ಲಿ ಉತ್ತರ ಕೊಡುತ್ತದೆ. ಪಾಲಕೋಡಿನ ಮಂಡಿಗೆ ಟೊಮ್ಯಾಟೊ ಹಾಕುವವನಿಗೆ ಕೋಲಾರದಲ್ಲಿ ಮಳೆಯಾಯಿತೇ, ಅಲ್ಲಿ ಬುಟ್ಟಿಗೆ ಏನು ದರ ಎಂಬುದು ಬೆಳಗಿನ ಜಾವವೇ ಬೇಕು. ಎರಡೂ ರಾಜ್ಯದ ಮಳೆ, ದರದ ಪಟ್ಟಿಗಳು ಒಂದೇ ಸಂಕೇತದಲ್ಲಿ ಸಿಕ್ಕರೆ ಹೊಸೂರಿನ ಕಾಲೇಜು ಹುಡುಗಿಯೊಬ್ಬಳು ಎರಡು ದಿನದಲ್ಲಿ ಆ ಬಿಳಿ ಜಾಗವನ್ನು ತುಂಬಿಬಿಡುತ್ತಾಳೆ.

ಮುಕ್ತವಾಗಿ ಕೊಡುವುದು ಸರ್ಕಾರದಿಂದ ಮಾತ್ರ ಆಗುವ ಕೆಲಸವಲ್ಲ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷ ಪದ. ಅವರ ಹಿಂದೆ ವಿಶ್ವವಿದ್ಯಾಲಯ ಇರಲಿಲ್ಲ, ಮಂಡಳಿ ಇರಲಿಲ್ಲ. 2019ರಲ್ಲಿ ಅದು ಅಲರ್ ಎಂಬ ಹೆಸರಿನಲ್ಲಿ ಜಾಲದಲ್ಲಿ ಬಂತು. ನೋಡಲು ಬಿಟ್ಟದ್ದಷ್ಟೇ ಅಲ್ಲ, ಇಡೀ ಪದಪಟ್ಟಿಯನ್ನೇ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದರ ಮೇಲೆ ಇನ್ನೊಂದು ಕಟ್ಟಬಹುದು. ಇದನ್ನು ನಾನು ನಮ್ಮ ಕಾಲದ ದತ್ತಿ ಎನ್ನುತ್ತೇನೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸವೆದ ಅಕ್ಷರವನ್ನೂ ಓದುವಂತೆ ಮಾಡುತ್ತಿದ್ದಾರೆ. ನಮ್ಮ ಕಡೆಯ ಹೊಲಗಳಲ್ಲಿ, ಬೇಲಿಗಳಲ್ಲಿ ಬಿದ್ದಿರುವ ಕನ್ನಡ, ತಮಿಳು ಕಲ್ಲುಗಳಿಗೂ ಆ ಕಣ್ಣು ಬೀಳಬೇಕು. ಎಮ್ಮೆ ಕಟ್ಟಲು ನೆಟ್ಟ ಕಲ್ಲಿನ ಹಿಂದೆ ಅಕ್ಷರ ಕಂಡರೆ ಒಂದು ಫೋಟೋ ತೆಗೆದಿಡಿ, ಊರು, ಸರ್ವೆ ನಂಬರು ಬರೆದಿಡಿ.

ತೆರೆದಿಡುವುದೆಲ್ಲ ಒಳ್ಳೆಯದೇ ಎಂಬ ಭ್ರಮೆ ನನಗಿಲ್ಲ. ಕರ್ನಾಟಕದ ಭೂಮಿ ಯೋಜನೆ 2001ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೂ ಮೊದಲು ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ರೈತ ಪಹಣಿಗಾಗಿ ಕೈಮುಗಿದು ನಿಲ್ಲುವುದು ತಪ್ಪಿತು. ಆದರೆ ಬೆಂಗಳೂರಿನ ಸುತ್ತ ಭೂಮಿ ಹುಡುಕುವ ದೊಡ್ಡವರಿಗೂ ಅದೇ ಬಾಗಿಲು ತೆರೆಯಿತು, ಅವರ ಬಳಿ ಓದಬಲ್ಲ ವಕೀಲರಿದ್ದರು. ಬಲ್ಲವರ ಕೈಗೆ ಬಲ ಕೊಡುವುದು ಲೆಕ್ಕದ ಗುಣ. ಅದಕ್ಕೇ ಓದುವುದನ್ನು ಬಡವರಿಗೆ ಕಲಿಸುವ ಕೆಲಸ ತೆರೆದಿಡುವ ಕೆಲಸದ ಜೊತೆಗೇ ನಡೆಯಬೇಕು.

ಒಬ್ಬ ಮನುಷ್ಯನ ರೋಗ, ಸಾಲ, ಹೆಬ್ಬೆಟ್ಟು ಊರಿನ ಸೊತ್ತಲ್ಲ. ಅವು ಮುಚ್ಚಿರಲಿ, ಎಸ್ಟೋನಿಯಾದಂತೆ ಯಾರು ನೋಡಿದರೆಂದು ಅವನಿಗೆ ತಿಳಿಯಲಿ. ಆದರೆ ವೈಯಕ್ತಿಕ ಎಂಬ ಮಾತು ಸಾರ್ವಜನಿಕ ಲೆಕ್ಕಕ್ಕೆ ಬೀಗವಾಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. ವೈಯಕ್ತಿಕ ಮಾಹಿತಿಯಾದರೂ ದೊಡ್ಡ ಸಾರ್ವಜನಿಕ ಹಿತವಿದ್ದರೆ ಕೊಡಬೇಕೆಂಬ ಮಾತು ಆ ಕಲಮಿನಿಂದ ಹೋಯಿತು. 8(2)ರಲ್ಲಿ ಅಂಥ ಅವಕಾಶ ಉಳಿದಿದೆ ನಿಜ. ಆದರೂ ಕೊಡದಿರಲು ಕಾರಣ ಹುಡುಕುವವರಿಗೆ ಈ ತಿದ್ದುಪಡಿ ಅನುಕೂಲವಾಗಿದೆ, ಇದು ನನಗೆ ಸರಿ ಕಾಣುವುದಿಲ್ಲ.

ಕೊನೆಯದಾಗಿ ನಮ್ಮ ನುಡಿಯ ಲೆಕ್ಕ. 2011ರ ಗಣತಿಯಲ್ಲಿ ದೇಶದ ಜನ ಬರೆಸಿದ ತಾಯ್ನುಡಿಯ ಹೆಸರುಗಳು 19,569. ಅವನ್ನು ಶೋಧಿಸಿ, ಗುಂಪು ಮಾಡಿ ಕೊನೆಗೆ 121 ಭಾಷೆ ಎಂದು ಪ್ರಕಟಿಸಿದರು. ಕನ್ನಡದ ಗುಂಪಿನೊಳಗೆ ಬಡಗವೂ ಸೇರಿದೆ. 1 ಲಕ್ಷ 33 ಸಾವಿರ ಬಡಗರು, ಬಹುಪಾಲು ನೀಲಗಿರಿಯವರು. ಹಾಗಾಗಿ ತಮಿಳುನಾಡಿನ ಕನ್ನಡಿಗರು 12 ಲಕ್ಷ 86 ಸಾವಿರ ಎಂದು ನಾನು ಆಗಲೇ ಹೇಳಿದ ಅಂಕಿಯೊಳಗೆ ಅವರೂ ಇದ್ದಾರೆ. ತಮ್ಮ ಮಾತು ಬೇರೆಯೇ ಭಾಷೆ ಎನ್ನುವ ಬಡಗರಿದ್ದಾರೆ, ಅವರ ಮಾತನ್ನು ಗೌರವಿಸಬೇಕು. ಈ ಭಾಷಾ ಪಟ್ಟಿ ಹೊರಬಂದದ್ದು 2018ರಲ್ಲಿ, ಎಣಿಸಿದ ಏಳು ವರ್ಷದ ಮೇಲೆ. ಕನ್ನಡ ಶಾಲೆ ಬೇಕೇ, ಕನ್ನಡ ಮೇಷ್ಟ್ರು ಬೇಕೇ, ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ಬೇಕೇ ಎಂದು ಅರ್ಜಿ ಹಾಕುವವರಿಗೆ ರಾಜ್ಯದ ಸರಾಸರಿ ನೂರಕ್ಕೆ 1.78 ಎಂಬ ಅಂಕಿಯಿಂದ ಏನೂ ಆಗುವುದಿಲ್ಲ. ಆ ಸರಾಸರಿಯಲ್ಲಿ ನಮ್ಮ ಊರುಗಳೆಲ್ಲ ಮುಳುಗಿಹೋಗಿವೆ. ಹಳ್ಳಿವಾರು, ವಾರ್ಡುವಾರು ಅಂಕಿ ಬೇಕು. ಮನೆಯ ಹೆಸರಾಗಲಿ ಮನುಷ್ಯರ ಹೆಸರಾಗಲಿ ಬೇಡ, ಎಷ್ಟು ಜನ ಎಂಬುದು ಸಾಕು.

2021ಕ್ಕೆ ಆಗಬೇಕಿದ್ದ ಗಣತಿ ಮುಂದೆ ಹೋಗಿ, ಈಗ 2027ರ ಮಾರ್ಚ್ 1ನ್ನು ಎಣಿಕೆಯ ಆಧಾರ ದಿನವೆಂದು ಗೊತ್ತುಮಾಡಿದ್ದಾರೆ. ಈ ಸಲ ಕಾಗದದ ಬದಲು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ. ಗಣತಿದಾರರು ಬಹಳ ಮನೆ ಸುತ್ತಬೇಕಾದವರು, ಅವಸರದಲ್ಲಿರುತ್ತಾರೆ. ನೀವು ಬಾಗಿಲಲ್ಲಿ ತಮಿಳಿನಲ್ಲಿ ಮಾತಾಡಿದರೆ ತಾಯ್ನುಡಿಯೂ ತಮಿಳೇ ಎಂದು ತಿಳಿದುಬಿಡಬಹುದು. ತಾಯ್ನುಡಿ ಎಂದರೆ ನೀವು ಮಗುವಾಗಿದ್ದಾಗ ನಿಮ್ಮ ಅವ್ವ ನಿಮ್ಮೊಡನೆ ಆಡಿದ ಮಾತು. ಅದರ ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆಗಳನ್ನೂ ಬರೆಸಬಹುದು, ಅಲ್ಲಿ ತಮಿಳನ್ನು ಸಂತೋಷದಿಂದ ಬರೆಸಿ, ಈ ನೆಲದ ಮಾತು ಅದು, ನಮಗೂ ಅನ್ನ ಕೊಟ್ಟ ಮಾತು. ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರಿನ ಮುಂದೆ, ತೊಟ್ಟಿಲ ಕೂಸಿನ ಮುಂದೆಯೂ, ಏನು ದಾಖಲಾಯಿತೆಂದು ಓದಿ ಹೇಳಲು ಕೇಳಿ. ತಪ್ಪಿದ್ದರೆ ಅವರು ಹೊಸಿಲು ದಾಟುವ ಮೊದಲೇ ತಿದ್ದಿಸಿ.